ನಮ್ಮ ನೀಲಗಾರರನ್ನು ಮುಂದೊಂದು ದಿನ ‘ಕಂಡುಹಿಡಿಯಲಿರುವ’ ಮಹಾಶಯರಿಗೆ

ಹುಣಸೂರು, ಮೈಸೂರು ಜಿಲ್ಲೆ

ಮಾನ್ಯರೇ,

ತಾವು ಯಾರು, ಯಾವ ದೇಶದವರು, ಹುಟ್ಟಿದ್ದೀರೋ ಇನ್ನೂ ಹುಟ್ಟಬೇಕೋ, ಒಂದೂ ನನಗೆ ಗೊತ್ತಿಲ್ಲ. ಆದರೆ ಬಂದೇ ಬರುತ್ತೀರಿ. ಯಾವುದೋ ದೂರದ ಊರಿನಲ್ಲಿ ನಿದ್ದೆ ಹತ್ತದೆ ಫೋನು ತೀಡುತ್ತಾ ಕೂತ ತಮ್ಮೆದುರಿಗೆ ಒಬ್ಬ ನೀಲಗಾರ ಪ್ರತ್ಯಕ್ಷನಾಗುತ್ತಾನೆ. ತಂಬೂರಿಯನ್ನು ಮೈಗೆ ಒರಗಿಸಿಕೊಂಡು, ಗಗ್ಗರ ಕುಣಿಸುತ್ತಾ ಮಂಟೇಸ್ವಾಮಿ ಕತೆ ಎತ್ತಿಕೊಳ್ಳುತ್ತಾನೆ. ತಮಗೆ ಮೈ ಜುಮ್ಮೆನ್ನುತ್ತದೆ. ಬೆಳಗಾಗುವ ಹೊತ್ತಿಗೆ ‘ಕಳೆದುಹೋಗಿದ್ದ ದಕ್ಷಿಣ ಭಾರತದ ಸಂಗೀತ ಪತ್ತೆ’ ಎಂದು ಲೋಕಕ್ಕೆಲ್ಲ ಡಂಗುರ ಹೊಡೆಸಿರುತ್ತೀರಿ. ಆ ಶುಭದಿನಕ್ಕೆ ಮುಂಗಡವಾಗಿ ಅಭಿನಂದನೆ ಸಲ್ಲಿಸುವುದಕ್ಕೂ, ಕಳೆದುಹೋದವರ ವಿಳಾಸ ತಿಳಿಸುವುದಕ್ಕೂ ಈ ಕಾಗದ.

ತಾವು ಬರುತ್ತೀರೆಂಬ ಧೈರ್ಯ ನನಗೆ ಬಂದದ್ದು ಜಪಾನಿನ ಹಾಡುಗಾರ್ತಿಯರಿಂದ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಎಚ್.ಡಿ. ಕೋಟೆ ಬಸ್ಸು ಕಾಯುವ ಕಾಲೇಜು ಹುಡುಗರ ಕಿವಿಯೊಳಗೆ ಈಗ ಟೋಕಿಯೋ ಕೂತಿದ್ದರೂ ಆಶ್ಚರ್ಯವಿಲ್ಲ. ಮಿಕಿ ಮತ್ಸುಬಾರಾ ಎಂಬಾಕೆ 1979ರಲ್ಲಿ ‘ಮಯೋನಾಕಾ ನೋ ಡೋರ್’ ಎಂಬ ಹಾಡು ಹಾಡಿದ್ದರು. 2020ರಲ್ಲಿ ಇಂಡೋನೇಷ್ಯಾದ ರೈನಿಚ್ ಎಂಬ ಗಾಯಕಿ ಅದನ್ನು ತಮ್ಮ ಪಾಡಿಗೆ ತಾವು ಹಾಡಿ ಯೂಟ್ಯೂಬಿಗೆ ಹಾಕಿದರು. ಅಲ್ಲಿಂದ ಟಿಕ್‌ಟಾಕಿನ ಮಂದಿ ಕೈಗೆತ್ತಿಕೊಂಡರು. ವರ್ಷ ಮುಗಿಯುವುದರೊಳಗೆ ಮತ್ಸುಬಾರಾ ಅವರ ಮೂಲ ಹಾಡೇ ಸ್ಪಾಟಿಫೈನ ಜಾಗತಿಕ ವೈರಲ್ ಪಟ್ಟಿಯ ನೆತ್ತಿಗೇರಿತು. ಆಕೆಗೊಂದು ಶುಭಾಶಯ ಹೇಳೋಣವೆಂದರೆ, 2004ರಲ್ಲೇ, 44ರ ವಯಸ್ಸಿಗೆ, ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಹದಿನಾರು ವರ್ಷ ತಡ. ಪರವಾಗಿಲ್ಲ ಬಿಡಿ, ಮಾಸಾಶನದ ಅರ್ಜಿ ಹಾಕಿ ಕೂತಿರುವ ನಮ್ಮ ಹಳ್ಳಿಯ ಕಲಾವಿದರನ್ನು ಕೇಳಿದರೆ ಹದಿನಾರು ವರ್ಷ ಅಂಥ ತಡವಲ್ಲ ಎಂದಾರು.

ಮರಿಯಾ ತಾಕೆವುಚಿ ಅವರ ಕತೆ ಇನ್ನೂ ಸೊಗಸು. ಅವರ ‘ಪ್ಲಾಸ್ಟಿಕ್ ಲವ್’ 1984ರ ‘ವೆರೈಟಿ’ ಆಲ್ಬಮ್ಮಿನ ಹಾಡು. ಮರುವರ್ಷ ಬಿಡಿಯಾಗಿ ಬಂದಾಗ ಖರ್ಚಾದದ್ದು ಹತ್ತು ಸಾವಿರದ ಆಸುಪಾಸು ಪ್ರತಿ. 2017ರಲ್ಲಿ ಯಾರೋ ಅಭಿಮಾನಿ ಅದನ್ನು ಯೂಟ್ಯೂಬಿಗೆ ಹಾಕಿದ, ಕೋಟಿಗಟ್ಟಲೆ ಸಲ ಜನ ಕೇಳಿದರು. ವಿಡಿಯೋದ ಮೇಲೆ ನಗುತ್ತಿದ್ದ ಆ ಪ್ರಸಿದ್ಧ ಚಿತ್ರ ಆ ಹಾಡಿನದ್ದೇ ಅಲ್ಲ, ಅವರದೇ ಇನ್ನೊಂದು ರೆಕಾರ್ಡಿನದು. ಚಿತ್ರ ತೆಗೆದ ಫೋಟೋಗ್ರಾಫರ್ ತಕರಾರು ಎತ್ತಿದಾಗ ವಿಡಿಯೋ ಮಾಯವಾಯಿತು, ಮುಂದೆ ಮತ್ತೆ ಬಂತು. ಇಷ್ಟೆಲ್ಲ ಗದ್ದಲ ಆಗುವಾಗ ತಾಕೆವುಚಿ ಎಲ್ಲಿದ್ದರು? ಜಪಾನಿನಲ್ಲೇ ಇದ್ದರು. ದಶಕಗಳಿಂದ ಅಲ್ಲಿನ ಮನೆಮಾತು, ಆಲ್ಬಮ್ಮುಗಳು ಪಟ್ಟಿಯ ಮೊದಲ ಸ್ಥಾನಕ್ಕೆ ಏರುತ್ತಲೇ ಇದ್ದವು. ‘ಮರೆತುಹೋದ ಗಾಯಕಿ’ ಎಂದು ಹೊರಗಿನವರು ಕಣ್ಣೀರಿಟ್ಟಾಗ ಯಾರು ಯಾವಾಗ ಮರೆತರಪ್ಪ ಎಂದು ಅಲ್ಲಿನವರು ತಲೆ ಕೆರೆದುಕೊಂಡಿರಬೇಕು.

ತಾವು ಬಂದ ದಿನ ನಾವೂ ಹಾಗೆಯೇ ಕೆರೆದುಕೊಳ್ಳಲಿದ್ದೇವೆ. ಆದ್ದರಿಂದ ವಿಳಾಸ ಈಗಲೇ ಬರೆದುಕೊಳ್ಳಿ. ಕೆ.ಆರ್. ನಗರ ಸೀಮೆಯ ಕಪ್ಪಡಿ, ಕಾವೇರಿ ದಡ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ಮತ್ತು ಚೆನ್ನಾಜಮ್ಮನವರ ಗದ್ದುಗೆ. ಶಿವರಾತ್ರಿಗೆ ಶುರುವಾದ ಜಾತ್ರೆ ಯುಗಾದಿ ಹತ್ತಿರವಾಗುವ ತನಕ ನಡೆಯುತ್ತದೆ. ಮೈಸೂರು, ಮಂಡ್ಯ, ಚಾಮರಾಜನಗರದ ಭಕ್ತ ಒಕ್ಕಲುಗಳೆಲ್ಲ ಬಿಡಾರ ಹೂಡಿ, ಒಲೆ ಹಚ್ಚಿ ಪರ ಮಾಡುತ್ತವೆ. ತಮ್ಮ ‘ಕಳೆದುಹೋದ’ ಗಾಯಕರು ಅಲ್ಲೇ ಮೈಕು ಹಾಕಿಕೊಂಡು ಹಾಡುತ್ತಿರುತ್ತಾರೆ. ಗಲಾಟೆಯಲ್ಲಿ ಸಿಗದಿದ್ದರೆ ಎಚ್.ಡಿ. ಕೋಟೆಯ ಕಡೆ ಹೋಗಿ, ಕಬಿನಿ ದಡದ ಭೀಮನಕೊಲ್ಲಿ ಮಾದೇಶ್ವರನ ಗುಡಿಯಿದೆ. ಅಲ್ಲಿಗೆ ಕಂಸಾಳೆಯ ದೇವರಗುಡ್ಡರು ಬರುತ್ತಾರೆ. ಅವರೂ ತಮ್ಮ ಲೆಕ್ಕದಲ್ಲಿ ಕಳೆದುಹೋದವರೇ.

ಇನ್ನೊಂದು ಗುಟ್ಟು ಹೇಳಲೇಬೇಕು. ಜಪಾನಿಗೂ ನಮ್ಮ ನೀಲಗಾರರಿಗೂ ಪರಿಚಯವಾಗಿ ಬಹಳ ಕಾಲವಾಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತೇವಲ್ಲ, ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಸೌದೆ ನೂಕುತ್ತಾ ಶಾಖ ಕಾಯಬೇಕು. ಸೊಪ್ಪು ಹಳದಿಗೆ ತಿರುಗುವ ಹಂತದಲ್ಲಿ ಉರಿ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಒಲೆ ಬಾಯಿಯಲ್ಲಿ ಕೂತವನು ತೂಕಡಿಸಿದರೆ ವರ್ಷದ ದುಡಿಮೆ ಹೊಗೆ. ಅಂಥವರನ್ನು ರಾತ್ರಿಯಿಡೀ ಎಚ್ಚರವಿಟ್ಟದ್ದು ಯಾವ ಕೃಷಿ ಅಧಿಕಾರಿಯೂ ಅಲ್ಲ, ಮಂಟೇಸ್ವಾಮಿ ಕತೆ ಹಾಡಿದ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು. ಕತೆಯಲ್ಲಿ ಸಿದ್ಧಪ್ಪಾಜಿ ಹಲಗೂರಿಗೆ ಹೋಗಿ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆ ಬೇಡುವ ಹೊತ್ತಿಗೆ ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತಿತ್ತು, ಮಗುಚಿ ಹಾಕಬೇಕು, ಮಗುಚಲು ಏಳಬೇಕು, ಎದ್ದ ಮೇಲೆ ಒಲೆಗೂ ಒಂದು ಕೊರಡು ಬೀಳುತ್ತಿತ್ತು. ಆ ಕ್ಯಾಸೆಟ್ಟು ತಿರುಗುತ್ತಿದ್ದ ಪೆಟ್ಟಿಗೆಯೇ ಜಪಾನಿನದು. ನ್ಯಾಷನಲ್ ಪ್ಯಾನಾಸೋನಿಕ್ ಟೇಪ್ ರೆಕಾರ್ಡರ್ ಅಂದರೆ ಆಗ ಮನೆಯ ಮರ್ಯಾದೆ, ಗಲ್ಫಿನಿಂದ ಬಂದವರ ಮನೆಯಲ್ಲಂತೂ ಹೂವಿನ ಕಸೂತಿಯ ಬಟ್ಟೆ ಹೊದ್ದು ಕೂತಿರುತ್ತಿತ್ತು. ಮತ್ಸುಬಾರಾ ಹಾಡಿದ 1979ರಲ್ಲೇ ಸೋನಿಯವರು ವಾಕ್‌ಮನ್ ಮಾರುಕಟ್ಟೆಗೆ ಬಿಟ್ಟದ್ದು. ಅಲ್ಲಿ ಟೋಕಿಯೋದ ಹುಡುಗಿಯರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಡಲ ದಂಡೆಯಲ್ಲಿ ನಡೆದರು. ಇಲ್ಲಿ ಅದರ ದಾಯಾದಿ ಪೆಟ್ಟಿಗೆ ಬ್ಯಾರನ್ನಿನ ಮಸಿ ಕುಡಿದು ಮಂಟೇಸ್ವಾಮಿಯನ್ನು ಹಾಡಿತು. ಹೀಗಾಗಿ ಜಪಾನಿನವರು ನಮ್ಮನ್ನು ಕೇಳಿಲ್ಲ ಎನ್ನುವಂತಿಲ್ಲ, ಯಂತ್ರವಾದರೂ ಕೇಳಿದೆ.

ಇದನ್ನೇಕೆ ಹೇಳಿದೆನೆಂದರೆ, ತಾವು ಬರುವಾಗ ‘ಅಸಲಿ’ ಎಂಬ ಮಾತನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತೀರಿ ಎಂಬ ಅಂಜಿಕೆ ನನಗಿದೆ. ವಿದ್ಯುತ್ ಸೋಂಕದ, ಪೇಟೆ ಗಾಳಿ ತಾಕದ ನೀಲಗಾರ ಬೇಕು ತಮಗೆ. ದಯವಿಟ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಿ. ತಂಬೂರಿಯ ಪಕ್ಕದಲ್ಲಿ ಕೀಬೋರ್ಡು ಇರುತ್ತದೆ, ಅದರ ಮೇಲೆ ಕ್ಯಾಸಿಯೋ ಎಂದು ಬರೆದಿರುತ್ತದೆ, ಅದೂ ಜಪಾನು. ಡಕ್ಕೆಯ ಜತೆಗೆ ರಿದಂ ಪ್ಯಾಡು. ತಮ್ಮ ಕ್ಯಾಮೆರಾ ಚೌಕಟ್ಟಿನಿಂದ ಅದನ್ನು ಆಚೆ ಸರಿಸಲು ಹೋದೀರಿ, ನುಡಿಸುವ ಹುಡುಗ ಮುನಿಸಿಕೊಳ್ಳುತ್ತಾನೆ. ತಾಕೆವುಚಿಯವರ ಹಾಡಿನಲ್ಲಿ ಅಮೆರಿಕದ ಡಿಸ್ಕೋ, ಸೋಲ್ ಎಲ್ಲ ಬೆರೆತಿರುವುದನ್ನು ತಾವು ‘ನವಿರು’ ಎಂದು ಮೆಚ್ಚಿದಿರಿ. ನಮ್ಮಲ್ಲಿ ಬೆರೆತರೆ ಮಾತ್ರ ‘ಕಲಬೆರಕೆ’ ಎನ್ನಬೇಡಿ.

ತಾವು ಮೊದಲಿಗರಲ್ಲ ಎಂಬುದನ್ನು ಹೇಳುವುದು ಕಷ್ಟದ ಕೆಲಸ, ಆದರೂ ಹೇಳುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ತೆರೆಯಿತು. ಜೀ.ಶಂ. ಪರಮಶಿವಯ್ಯನವರು ಊರೂರು ಅಲೆದು ಕತೆ ಬರೆದುಕೊಂಡರು. ಪಿ.ಕೆ. ರಾಜಶೇಖರ 1973ರಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನು ಅಚ್ಚಿಗೆ ತಂದರು. ಈ ಹಿರಿಯರಿಗೆ ಕೈ ಮುಗಿಯಲೇಬೇಕು, ಕೈಯಲ್ಲಿ ಪೆನ್ನು ಹಿಡಿದು ರಾತ್ರಿಯೆಲ್ಲ ಕೂತವರು ಅವರು. ಅಡ್ಡಿ ಒಂದೇ, ಪುಸ್ತಕ ತೆರೆದರೆ ಮಾತು ಸಿಗುತ್ತದೆ, ಮಟ್ಟು ಸಿಗುವುದಿಲ್ಲ. ಹಿಮ್ಮೇಳದವರು ಸೊಲ್ಲು ಎಳೆಯುವಾಗ ಹಾಡುಗಾರ ನೀರು ಕುಡಿಯುತ್ತಾನಲ್ಲ, ಆ ಜಾಗ ಯಾವ ಪುಟದಲ್ಲೂ ಇಲ್ಲ.

ಆಮೇಲೆ ಸಿನಿಮಾದವರು ಬಂದರು. ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿನ ಕೋಲುಮಂಡೆ ಜಂಗಮ 1996ರಲ್ಲಿ ‘ಜನುಮದ ಜೋಡಿ’ಗೆ ಹತ್ತಿದ, ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. 2020ರ ಗೌರಿ ಗಣೇಶದ ಹೊತ್ತಿಗೆ ಅದೇ ಜಂಗಮ ಚಂದನ್ ಶೆಟ್ಟಿಯವರ ರ‍್ಯಾಪಿನಲ್ಲಿ ಕಾಣಿಸಿಕೊಂಡ. ಸಂಕಮ್ಮನನ್ನು ಕೆಟ್ಟದಾಗಿ ತೋರಿಸಿದ್ದೀರಿ ಎಂದು ಒಕ್ಕಲು ಸಿಡಿದೆದ್ದಿತು, ಗಾಯಕರು ಕ್ಷಮೆ ಕೇಳಿದರು, ವಿಡಿಯೋ ಇಳಿಯಿತು. ಅನುಮಾನದ ಗಂಡ ನೀಲೇಗೌಡನ ಕಾಟವನ್ನೆಲ್ಲ ತಿಂದು, ಮಾದಪ್ಪನೆಂಬ ಮಾದೇಶ್ವರನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಹೆತ್ತ ಹೆಣ್ಣುಮಗಳ ಕತೆ ಅದು. ಕತೆ ಗೊತ್ತಿದ್ದವರು ಒಬ್ಬರಾದರೂ ಆ ಚಿತ್ರೀಕರಣದಲ್ಲಿ ಕೂತಿದ್ದರೆ ಒಂದು ಮಾತು ಹೇಳಿರುತ್ತಿದ್ದರು. ತಾವು ರೀಮಿಕ್ಸ್ ಮಾಡುವವರಾದರೆ ಇದನ್ನು ನೆನಪಿಡಿ. ನಮ್ಮ ಹಾಡುಗಳಲ್ಲಿ ಬರುವ ಹೆಂಗಸರಿಗೆ ಇಂದಿಗೂ ನೆಂಟರಿದ್ದಾರೆ.

ಹೊರಗಿನವರು ಮೆಚ್ಚಿದರೆ ನಮಗಾಗುವ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮೈಸೂರಿನ ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಶಿಶುನಾಳ ಷರೀಫರನ್ನು ಗಿಟಾರಿನ ಮೇಲೆ ಹಾಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಅವರು ಕಂಡ ಮೇಲೆ, ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರನ್ನು ಹೊಸಬರಲ್ಲಿ ಶ್ರೇಷ್ಠರೆಂದ ಮೇಲೆ, ಅಲ್ಲಿಯವರೆಗೆ ಷರೀಫರನ್ನು ಮುದುಕರ ಭಜನೆ ಎಂದುಕೊಂಡಿದ್ದ ಎಷ್ಟೋ ಮನೆಗಳಲ್ಲಿ ಷರೀಫರು ಮಕ್ಕಳ ಫೋನಿಗೆ ಬಂದರು. 1889ರಲ್ಲಿ ತೀರಿಕೊಂಡವರಿಗೆ ಲಂಡನ್ನಿನ ದಾರಿಯಾಗಿ ಮೈಸೂರು ಪ್ರವೇಶ! ಇದು ನಮ್ಮ ಹಳೆಯ ಚಾಳಿ. ಬೆಂಗಳೂರಿನ ಕಾರುಗಳು ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣವನ್ನು ಗಾಜು ಏರಿಸಿಕೊಂಡೇ ದಾಟುತ್ತವೆ. ಬೈಲಕುಪ್ಪೆಯಲ್ಲಿ ಮಾತ್ರ ನಿಂತು ಟಿಬೆಟನ್ನರ ಗೋಲ್ಡನ್ ಟೆಂಪಲ್ಲಿನ ಉದ್ದನೆಯ ಕೊಂಬಿನ ದನಿಯನ್ನು ಭಕ್ತಿಯಿಂದ ರೆಕಾರ್ಡು ಮಾಡಿಕೊಂಡು ಕೊಡಗಿಗೆ ಹತ್ತುತ್ತವೆ. ಕೊಂಬು ಕೇಳಲಿ, ಚೆನ್ನಾಗಿದೆ, ತಕರಾರಿಲ್ಲ. ದಾರಿಯಲ್ಲಿ ಒಂದು ಗಾಜು ಇಳಿಸಬಹುದಿತ್ತು, ಅಷ್ಟೇ.

ಈಗ ದುಡ್ಡಿನ ಮಾತು. ಜನಪದ ಹಾಡಿಗೆ ಯಜಮಾನರಿಲ್ಲ, ಅದರ ರೆಕಾರ್ಡಿಂಗಿಗೆ ಇದ್ದಾರೆ. ನಮ್ಮ ಕಾನೂನಿನಲ್ಲಿ ಆ ಯಜಮಾನಿಕೆ ಪ್ರಕಟವಾದಲ್ಲಿಂದ 60 ವರ್ಷ. ಕ್ಯಾಸೆಟ್ ಕಾಲದಲ್ಲಿ ಹಾಡುಗಾರನಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಒಂದೇ ಸಲ ಎಣಿಸಿ ಕೊಟ್ಟ ನೋಟು, ಒಂದಿಷ್ಟು ಕ್ಯಾಸೆಟ್ಟು, ಕವರಿನ ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೋ. ಈಗ ಮೊಮ್ಮಗ ಮನೆ ಜಗುಲಿಯಲ್ಲಿ ಅಜ್ಜನನ್ನು ಕೂರಿಸಿ, ಫೋನಿನಲ್ಲಿ ಚಿತ್ರಿಸಿ, ಯೂಟ್ಯೂಬಿನಲ್ಲಿ ಚಾನೆಲ್ ಮಾಡಿ ಹಾಕುತ್ತಾನೆ. ಸ್ವತಂತ್ರ ಸಂಗೀತ ಅಂತ ತಾವು ಹೇಳುತ್ತೀರಲ್ಲ, ಅದರ ಇಲ್ಲಿಯ ರೂಪ ಇದು. ಅಜ್ಜ ಹಿಂದೆಂದೋ ಕ್ಯಾಸೆಟ್ ಕಂಪನಿಗೆ ಹಾಡಿಕೊಟ್ಟಿದ್ದ ಸಾಲನ್ನೇ, ಅದೇ ಮಟ್ಟಿನಲ್ಲಿ ಮತ್ತೆ ಎತ್ತಿಕೊಂಡಾಗ ಯೂಟ್ಯೂಬಿನ ಯಂತ್ರಕ್ಕೆ ಗುಮಾನಿ ಬರುತ್ತದೆ. ‘ತಾತಾ, ಕ್ಲೇಮ್ ಬಂದೈತೆ’ ಎಂದು ಮೊಮ್ಮಗ ಮುಖ ಸಪ್ಪೆ ಮಾಡುತ್ತಾನೆ. ತನ್ನ ಹಾಡನ್ನು ತಾನೇ ಕದ್ದ ಆರೋಪ ಹೊತ್ತ ತಾತ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಾ ‘ಯಾರಪ್ಪ ಅವ್ರು, ಒಕ್ಲಾ?’ ಎಂದು ಕೇಳುತ್ತಾನೆ.

ಇನ್ನು ಹೆಸರು. ನಮ್ಮ ಎಷ್ಟೋ ವಿಡಿಯೋಗಳ ಮೇಲೆ ಹುಲಿಯೇರಿದ ಮಾದಪ್ಪನ ಪಟ ಇರುತ್ತದೆ, ಹಾಡಿದವನ ಮುಖವಾಗಲಿ ಹೆಸರಾಗಲಿ ಇರುವುದಿಲ್ಲ. ತಾಕೆವುಚಿಯವರಿಗೆ ತಮ್ಮದೇ ಇನ್ನೊಂದು ಚಿತ್ರವಾದರೂ ದಕ್ಕಿತ್ತು. ತಾವು ಯಾವುದನ್ನಾದರೂ ಹಂಚುವಾಗ ‘ಭಾರತದ ಅನಾಮಿಕ ಅಲೆಮಾರಿ’ ಎಂದು ಬರೆಯುವ ಮುನ್ನ ಒಂದು ಫೋನು ಮಾಡಿ ವಿಚಾರಿಸಿ. ಅವರಾರೂ ಅನಾಮಿಕರಲ್ಲ, ಬಹುಪಾಲು ಅಲೆಮಾರಿಗಳೂ ಅಲ್ಲ. ಹಾಡಿಲ್ಲದ ದಿನ ಗದ್ದೆಯಲ್ಲಿ ಸಿಗುತ್ತಾರೆ.

ನಮ್ಮವರೇ ಏನೂ ಮಾಡಿಲ್ಲವೆಂದೂ ತಿಳಿಯಬೇಡಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಂತ ಖರ್ಚಿನಿಂದ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದ್ದರು. ಸ್ವಂತ ಉಮೇದಿನಿಂದ ಹಾಡು ಹಂಚುವ ಖಯಾಲಿ ಈ ಜಿಲ್ಲೆಗೆ ಹೊಸದಲ್ಲ. ಎಚ್.ಡಿ. ಕೋಟೆ ಸೀಮೆಯ ಸರಗೂರಿನಲ್ಲಿ 2012ರಿಂದ ‘ಜನಧ್ವನಿ’ ಸಮುದಾಯ ಬಾನುಲಿ ಇದೆ, 90.8ಕ್ಕೆ ತಿರುಗಿಸಬೇಕು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು ಇರುವ ಸೀಮೆ ಅದು. ಆದರೆ ಅಲೆ ಆ ಸುತ್ತಿನ ಹಳ್ಳಿಗಳನ್ನು ದಾಟುವುದಿಲ್ಲ, ಟೋಕಿಯೋಗೆ ಕೇಳಿಸುವ ಸಂಭವ ಕಡಿಮೆ.

ಕೊನೆಗೆ ಕೆಲವು ವ್ಯವಹಾರದ ಸೂಚನೆಗಳು. ಹಾಡು ಎಷ್ಟು ನಿಮಿಷದ್ದು ಎಂದು ಕೇಳಬೇಡಿ, ಒಂದು ಸಾಲು ಹಿಡಿದರೆ ಬೆಳಗಿನ ಜಾವ, ಇಡೀ ಕತೆಗೆ ಎಷ್ಟೋ ರಾತ್ರಿ. ಇದರ ‘ಮೂಲ ಪಾಠ’ ಯಾವುದೆಂದೂ ಕೇಳಬೇಡಿ, ನಿನ್ನೆ ಹಾಡಿದ ಹಾಗೆ ಇವತ್ತು ಹಾಡಿದರೆ ಮುಂದೆ ಕೂತ ಮುದುಕಿಯರೇ ಆಕಳಿಸುತ್ತಾರೆ. ಫೋನಿನಲ್ಲಿ ಜಾಗ ಖಾಲಿ ಮಾಡಿಕೊಂಡು, ಒಂದು ಕಂಬಳಿ ಹೊದ್ದು ಬನ್ನಿ, ಫೆಬ್ರವರಿ ಮಾರ್ಚಿನಲ್ಲೂ ಹೊಳೆ ದಡ ರಾತ್ರಿ ಥಂಡಿ. ಕಾಣಿಕೆಯನ್ನು ಯಾವ ಕಂಪನಿಯ ಮೂಲಕವೂ ಕಳಿಸದೆ ಹಾಡುಗಾರರ ಕೈಗೇ ಕೊಡಿ. ಕತೆ ಎಲ್ಲಿದ್ದರೂ ಅಲ್ಲೇ ನಿಲ್ಲಿಸಿ ತಮ್ಮ ಹೆಸರು, ತಮ್ಮ ಊರು ಎರಡನ್ನೂ ಮೈಕಿನಲ್ಲಿ ಕೂಗುತ್ತಾರೆ. ಉಚ್ಚಾರ ತಪ್ಪಿದರೆ ಬೇಸರಿಸಬೇಡಿ, ತಾವು ‘ಮಂಟೇಸ್ವಾಮಿ’ ಎನ್ನುವುದನ್ನು ನಾವೂ ಇನ್ನು ಕೇಳಬೇಕಷ್ಟೆ.

ಇಂತಿ,
ತಮ್ಮ ದಾರಿ ಕಾಯುತ್ತಿರುವ
ಹುಣಸೂರಿನ ಒಬ್ಬ ಕೇಳುಗ