ರಾಯರ ಪುಸ್ತಕಯೋಗ

"ರೀ, ಕಾಫಿ ಆರ್ತಾ ಇದೆ. ಇದೇನು, ಕಾಲು ಕಿವಿ ಹತ್ರ ಹೋಗಿದೆ?"

"ಮುಟ್ಟಬೇಡ ಕಣೇ! ಆಸನ. ಬಿ.ಕೆ.ಎಸ್. ಅಯ್ಯಂಗಾರರ 'ಲೈಟ್ ಆನ್ ಯೋಗ'. 1966ರ ಪುಸ್ತಕ, ಸುಮಾರು 600 ಫೋಟೋ! ಸ್ವಲ್ಪ ಪುಟ ತಿರುಗಿಸು."

"ಯಾಕೆ?"

"ಬಿಡಿಸಿಕೊಳ್ಳೋದು ಮುಂದಿನ ಪುಟದಲ್ಲಿದೆ. ನನ್ನ ಕೈ ಖಾಲಿ ಇಲ್ಲ."

(ರಾಯರ ಕಪಾಟಿನಲ್ಲಿ ಡೇಲ್ ಕಾರ್ನೆಗಿಯೂ ಇದ್ದಾನೆ. ಸ್ನೇಹ ಸಂಪಾದಿಸುವುದು ಹೇಗೆಂದು 1936ರಿಂದ ಲೋಕಕ್ಕೆಲ್ಲ ಹೇಳಿಕೊಡುತ್ತಿರುವ ಪುಸ್ತಕ. ಪೆನ್ಸಿಲಿನಲ್ಲಿ ಗೆರೆ ಎಳೆದೆಳೆದು ಓದಿದ್ದಾರೆ. ಪಕ್ಕದ ಮನೆಯವರ ಜೊತೆ ಕಾರ್ ಪಾರ್ಕಿಂಗ್ ಜಗಳ ಮಾತ್ರ ಹಾಗೇ ಇದೆ.)

"ಅಯ್ಯಂಗಾರರೇನು ಪುಸ್ತಕ ನೋಡಿ ಕಲಿತರೇ? ಮೈಸೂರಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರು ಎದುರಿಗೆ ನಿಲ್ಲಿಸಿಕೊಂಡು ಕಲಿಸಿದ್ದು."

"ನಮ್ಮ ಭಾವನಿಗೆ ಚೀಟಿ ವ್ಯವಹಾರ ಬಿಟ್ಟು ಬೇರೇನು ಬರುತ್ತೆ? ತಿರುಗಿಸೇ!"

"ತಿರುಗಿಸಿದೆ. ಇದ್ಯಾವುದೋ ಬೇರೆ ಆಸನ ರೀ."

"ಮಧ್ಯದ ಹಾಳೆ?"

"ಅದನ್ನ ನೀವೇ ಕಿತ್ತು ಬಾತ್‌ರೂಮ್ ಕನ್ನಡಿಗೆ ಅಂಟಿಸಿದ್ದಿರಿ. ಸ್ನಾನದ ನೀರು ಬಿದ್ದು ಅಕ್ಷರವೆಲ್ಲ ಕಲಸಿಹೋಗಿದೆ."

"ಅಯ್ಯೋ, ಪಕ್ಕದ ಮನೆಯವರನ್ನಾದ್ರೂ ಕರಿಯೇ!"

"ಕರೆದೆ. ಮೊದಲು ಕಾರ್ ತೆಗೀಲಿ, ಆಮೇಲೆ ಬರ್ತೀವಿ ಅಂತಿದ್ದಾರೆ."