ಬಾಣಂತಿ ಕೋಣೆಯ ಕಿಲ್ಲೇದಾರರು

ಹೈದರಾಲಿ ಹುಟ್ಟಿದ ಬೂದಿಕೋಟೆಯಲ್ಲಿ ಕೋಟೆಯ ಕಾವಲು ಮುಗಿದು ಎಷ್ಟೋ ಕಾಲವಾಯಿತು. ಬಾಣಂತಿ ಕೋಣೆಯ ಕಾವಲು ಮಾತ್ರ ಇನ್ನೂ ಬಿಗಿಯಾಗಿದೆ. ಅಲ್ಲಿಯ ಕಿಲ್ಲೇದಾರರು ಮನೆಯ ಹಿರಿಯಜ್ಜಿ. ಕನ್ನಡದಲ್ಲೂ ತೆಲುಗಿನಲ್ಲೂ ಅವರದು ಒಂದೇ ಫರ್ಮಾನು: ಮಲಗಿದ ಕೂಸನ್ನು ಎಬ್ಬಿಸಕೂಡದು. ಕೆಜಿಎಫ್‌ನಿಂದ ಬಂದ ಬೀಗಿತ್ತಿ ಮಿಕ್ಕೆಲ್ಲಕ್ಕೂ ತಕರಾರು ತೆಗೆದರೂ ಇದೊಂದಕ್ಕೆ ತಮಿಳಿನಲ್ಲಿ ರುಜು ಹಾಕುತ್ತಾರೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ ಮುಗಿದು ಕೂಸು ಐದು ಗಂಟೆ ಮಿಸುಕದಿದ್ದರೆ 'ಹೊಟ್ಟೆ ತುಂಬಿದೆ' ಎಂಬ ತೀರ್ಪು. ಎದ್ದು ಅತ್ತರೆ ಅದೇ ಬಾಯಲ್ಲಿ 'ಹಾಲು ಸಾಲದು, ಡಬ್ಬ ತರಿಸು'. ಡಬ್ಬದ ಹಾಲು ಹೊಕ್ಕಷ್ಟೂ ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದಷ್ಟೂ ತಾಯಿಗೆ ಹಾಲು ಕಡಿಮೆ. ಹೀಗೆ ಅಜ್ಜಿ ನುಡಿದ ಭವಿಷ್ಯವನ್ನು ಅಜ್ಜಿಯೇ ನಿಜ ಮಾಡುತ್ತಾರೆ.

ನಿದ್ದೆಯನ್ನೋ ಅಳುವನ್ನೋ ನೋಡಿ ಹಾಲಿನ ಲೆಕ್ಕ ಹಾಕಲಾಗದು. ಆ ಲೆಕ್ಕ ಇರುವುದು ಅಜ್ಜಿಯೇ ಒಗೆದು ಹಿತ್ತಲ ತಂತಿಗೆ ಹರವುವ ಬಟ್ಟೆಗಳಲ್ಲಿ. ಐದನೆಯ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಬಟ್ಟೆ ಒದ್ದೆಯಾಗಿ, ಕಪ್ಪು ಮಲ ಹಳದಿಗೆ ತಿರುಗಿದ್ದರೆ ಹಾಲು ಒಳಗೆ ಹೋಗುತ್ತಿದೆ ಎನ್ನಬಹುದು. ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ಎರಡು ವಾರದೊಳಗೆ ಅದು ಮರಳಿ ಬರಬೇಕು. ಆಶಾ ಕಾರ್ಯಕರ್ತೆ 3, 7, 14ನೆಯ ದಿನ ತಕ್ಕಡಿ ಹಿಡಿದು ಬರುವುದು ಇದಕ್ಕೇ. ('ತೂಗಿದರೆ ದೃಷ್ಟಿಯಾಗುತ್ತೆ' ಎಂದು ಕಾಫಿ ಕೊಟ್ಟು ಸಾಗಹಾಕುವ ಕಿಲ್ಲೇದಾರರೂ ಇದ್ದಾರೆ.) ಸಾಕ್ಷಿಯನ್ನೆಲ್ಲ ತಮ್ಮ ಕೈಯಲ್ಲೇ ಹಿಂಡಿ ಒಣಗಿಸುವವರು ತೀರ್ಪನ್ನು ಮಾತ್ರ ಗೊರಕೆ ಕೇಳಿ ಕೊಡುತ್ತಾರೆ!

'ಹಸಿದರೆ ತಾನೇ ಏಳುತ್ತೆ' ಎನ್ನುತ್ತಾರೆ. ತೂಕ ಹಿಡಿದು ಬೆಳೆಯುತ್ತಿರುವ ಕೂಸಿನ ಮಟ್ಟಿಗೆ ಒಪ್ಪೋಣ. ಆದರೆ ತಿಂಗಳು ತುಂಬದೆ ಹುಟ್ಟಿದ ಅಥವಾ ಕಾಮಾಲೆಯಿಂದ ಮಂಕಾದ ಕೂಸು ಹಸಿದರೂ ಏಳದೆ ಇರಬಹುದು. ಹಾಲು ಸಾಲದಿದ್ದರೆ ಕಾಮಾಲೆ ಏರುತ್ತದೆ, ಕಾಮಾಲೆ ಏರಿದರೆ ನಿದ್ದೆ ಇನ್ನೂ ಗಾಢವಾಗುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ 8ರಿಂದ 12 ಸಲ ಎಬ್ಬಿಸಿ ಕುಡಿಸಬೇಕು: ಹೊದಿಕೆ ಬಿಚ್ಚಿ, ತಾಯಿಯ ಮೈಗೆ ಮೈ ತಾಗಿಸಿ, ಅಂಗಾಲು ಉಜ್ಜಿ, ಚೀಪುತ್ತ ತೂಕಡಿಸಿದರೆ ತಾಯಿ ಮೊಲೆಯನ್ನು ಮೆಲ್ಲಗೆ ಒತ್ತಿ. 'ನಾವು ಆರು ಹೆತ್ತೆವು, ಗಡಿಯಾರ ನೋಡಿದೆವಾ?' ಎಂಬುದು ಕೊನೆಯ ಫಿರಂಗಿ. ನೋಡಲಿಲ್ಲ, ನಿಜ, ಆದರೆ ಆ ಆರರ ಲೆಕ್ಕದಲ್ಲಿ ಉಳಿದವರಷ್ಟೇ ಬರುತ್ತಾರೆ. ಹಾಗೆಂದು ಅಜ್ಜಿಯನ್ನು ಕೋಣೆಯಿಂದ ಹೊರಗಟ್ಟಬೇಡಿ. ಹೇಗೂ ನಿದ್ದೆ ಬಾರದ ಅವರಿಗೇ ರಾತ್ರಿ ಎರಡರ ಸರದಿ ವಹಿಸಿ, ಬಟ್ಟೆಯನ್ನೂ ಎಣಿಸಲು ಹೇಳಿ. ಏನು ಮಾಡಿದರೂ ಏಳದ, ಹಾಲು ಹಿಡಿಯದ ಕೂಸನ್ನು ಮಾತ್ರ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.