ಗುಳಿಗೆ ಚೀಲ

ಸಕ್ಕರೆ ಕಾಯಿಲೆಯ ಹೊಸ ಔಷಧವೊಂದರ ಪ್ರಯೋಗಕ್ಕೆ ನಾನು ಲಾಯಕ್ಕೋ ಅಲ್ಲವೋ ನೋಡಬೇಕೆಂದು ಕಲಬುರಗಿಯ ಆಸ್ಪತ್ರೆಯಿಂದ ಫೋನು ಬಂತು. ಖಾಲಿ ಹೊಟ್ಟೆಯಲ್ಲಿ ಬರಬೇಕು, ನುಂಗುವ ಔಷಧವನ್ನೆಲ್ಲ ತರಬೇಕು. ಮಹಾಗಾಂವದ ನಮ್ಮ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಕಾರಭಾರ ಮನೆಯವಳ ಕೈಗೆ ಹೋಯಿತು.

"ಎಲ್ಲಾ ಅಂದ್ರ ಎಲ್ಲಾ" ಎಂದು ಸಂತೆಯ ಕೈಚೀಲ ಹಿಡಿದು ಕೂತಳು. ಡಾಕ್ಟರು ಬರೆದುಕೊಟ್ಟ ಮೆಟ್‌ಫಾರ್ಮಿನ್ ಮೊದಲು ಒಳಗೆ ಹೋಯಿತು. ಹಿಂದೆಯೇ ನೇರಳೆ ಬೀಜದ ಪುಡಿ, ಅಮೃತಬಳ್ಳಿ ಕಷಾಯದ ಬಾಟಲಿ, ಬೀಗರು ತಮಗೆ ಗುಣ ಕಂಡಿದೆಯೆಂದು ಅರ್ಧ ಹರಿದುಕೊಟ್ಟ ಗುಳಿಗೆಯ ಸ್ಟ್ರಿಪ್ಪು. ಹೆಸರಿದ್ದ ಅರ್ಧ ಅವರಲ್ಲೇ ಉಳಿದಿದೆ.

"ಇದು ಯಾವುದರದ್ರೀ?"

"ನರದ್ದು."

"ಯಾರ ನರದ್ದು?"

ನನಗೆ ಅದಕ್ಕಿಂತ ಎಚ್‌ಬಿಎ1ಸಿ ಪರೀಕ್ಷೆಯ ಭಯ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟೂ ದಿನ ಅಂಟಿದ ಸಕ್ಕರೆಯನ್ನು ಕಿರಾಣಿ ಅಂಗಡಿಯ ಉದ್ರಿ ವಹಿಯಂತೆ ಬರೆದಿಟ್ಟುಕೊಳ್ಳುತ್ತದೆ. ಈಚೆಗೆ ಸಪ್ಪೆ ಚಹಾ ಕುಡಿದು ಕ್ರಾಸಿನವರೆಗೆ ವಾಕಿಂಗ್ ಹೋದ ಪುಣ್ಯ ಎಷ್ಟು ಮಹಾ! ಮಾಲ್ಪುರಿ, ಕಮಲಾಪುರದ ಕೆಂಪು ಬಾಳೆಹಣ್ಣು ಎಲ್ಲ ಅಲ್ಲಿ ಜಮಾ. ಇನ್ನೊಂದು ಫಜೀತಿ, ಇಂಥ ಪ್ರಯೋಗಗಳಿಗೆ ಸಕ್ಕರೆ ಮಿತಿ ಮೀರಿದರೂ ಬೇಡ, ಕಮ್ಮಿಯಾದರೂ ಬೇಡ.

"ಕಮ್ಮಿ ಆಗಬಾರದಂತ. ಒಂದು ಬಾಳಿಹಣ್ಣು..." ಎಂದೆ. ಅವಳು ಚೀಲದ ಬಾಯಿಗೆ ಗಂಟು ಹಾಕಿದ ರೀತಿ ನೋಡಿ ಸುಮ್ಮನಾದೆ.

ಓದಿಕೊಂಡು ಬನ್ನಿ ಎಂದು ಕೊಟ್ಟಿದ್ದ ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಸಹಿ ಹಾಕದೆ ಯಾವ ತಪಾಸಣೆಯೂ ಇಲ್ಲ. ಕಾರಣ ಹೇಳದೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಈ ಸಾಲನ್ನು ನಾನು ಮತ್ತೊಮ್ಮೆ ಓದಿದ್ದು ಅವಳ ಕಣ್ಣಿಗೆ ಬಿತ್ತು.

"ಇಲಿ ಮ್ಯಾಲ ಮಾಡೋದು ನಿಮ್ಮ ಮ್ಯಾಲ ಮಾಡ್ತಾರ. ಬ್ಯಾಡ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಲಿಯ ಸರದಿ ಮುಗಿದು, ಎಥಿಕ್ಸ್ ಕಮಿಟಿ ಒಪ್ಪಿದ ಮೇಲೇ ನನ್ನ ಸರದಿ ಎಂದೆ. ಔಷಧ ಪ್ರಯೋಗಗಳ 2019ರ ನಿಯಮ ತೆಗೆದೆ: ಪ್ರಯೋಗದಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ, ಪ್ರಯೋಗದಿಂದಲೇ ಸತ್ತರೆ ಪರಿಹಾರ. ಅದಕ್ಕೇ ಪತ್ರದಲ್ಲಿ ನಾಮಿನಿಯ ಕಾಲಂ.

ಸೆರಗು ಕೆಳಗಿಳಿಯಿತು. ಚಾಳೀಸು ಬಂತು.

"ವರ್ಷದ ಆದಾಯಾನೂ ಕೇಳ್ಯಾರ. ಜಾಸ್ತಿ ಬರದ್ರ ಪರಿಹಾರ ಜಾಸ್ತಿ ಏನ್ರಿ?"

"ಇಲ್ಲ. ಎಂಟು ಲಕ್ಷಕ್ಕ ವಯಸ್ಸು, ರೋಗದ ಗಂಭೀರತೆ ಹಿಡಿದು ಗುಣಿಸ್ತಾರ. ವಯಸ್ಸಾದಂಗ ರೊಕ್ಕ ಕಮ್ಮಿ."

ಅವಳು ನನ್ನ ಬಿಳಿ ಮೀಸೆಯನ್ನು ಚಾಳೀಸಿನ ಮೇಲಿಂದ ನೋಡಿದಳು.

"ಹಂಗಾದ್ರ ತಡಾ ಯಾಕ ಮಾಡ್ಲಕತ್ತೀರಿ? ಮುಂಜಾನಿ ಮೊದಲ ಬಸ್ಸಿಗೇ ಹೋಗ್ರಿ."